200ರ ಒಳಗಿದ್ದರೆ ಸಾಕೇ?

ಓದುಗರ ಪತ್ರ: ನನಗೆ 46 ವರ್ಷ. ದಿನಕ್ಕೆ ಹತ್ತು ತಾಸು ಕುರ್ಚಿಯ ಕೆಲಸ, ಐದಾರೇ ಸಿಗರೇಟು. ಕಚೇರಿಯ ತಪಾಸಣೆಯಲ್ಲಿ ಒಟ್ಟು ಕೊಲೆಸ್ಟ್ರಾಲ್ 198, ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 180, ಎಲ್‌ಡಿಎಲ್ 128 ಬಂದಿದೆ. ಬಿಪಿ 144/92. ಟ್ರೆಡ್‌ಮಿಲ್ ಪರೀಕ್ಷೆ ನಾರ್ಮಲ್. ಕೊಲೆಸ್ಟ್ರಾಲ್ 200ರ ಒಳಗಿದ್ದರೂ ವೈದ್ಯರು ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಳಿಗೆ ಬರೆದಿದ್ದಾರೆ. ಒಮ್ಮೆ ಶುರು ಮಾಡಿದರೆ ಬಿಡುವ ಹಾಗಿಲ್ಲವಂತೆ. ಬೇಕೇ ಬೇಕೇ?

ಸಂಪಾದಕರ ಉತ್ತರ: ಆ 198ನ್ನು ಮೊದಲು ಬದಿಗಿಡಿ. ಒಳ್ಳೆಯದನ್ನೂ (ಎಚ್‌ಡಿಎಲ್) ಕೆಟ್ಟದ್ದನ್ನೂ (ಎಲ್‌ಡಿಎಲ್ ಮುಂತಾದವು) ಒಂದೇ ತಕ್ಕಡಿಗೆ ಹಾಕಿ ತೂಗಿದ ಲೆಕ್ಕ ಅದು. ನಿಮ್ಮ ಮೊತ್ತ 200 ದಾಟದಿರುವುದಕ್ಕೆ ಒಂದು ಕಾರಣವೇ ಎಚ್‌ಡಿಎಲ್ 34ಕ್ಕೆ ಇಳಿದಿರುವುದು. ಗಂಡಸರಿಗೆ ಅದು 40ಕ್ಕಾದರೂ ಇರಬೇಕು. 198ರಲ್ಲಿ 34 ಕಳೆದರೆ 164. ಇದು ನಾನ್-ಎಚ್‌ಡಿಎಲ್, ರಕ್ತನಾಳದ ಗೋಡೆಯೊಳಗೆ ನುಸುಳಿ ಕೂರಬಲ್ಲ ಕಣಗಳ ಕೊಲೆಸ್ಟ್ರಾಲೆಲ್ಲ ಇದರಲ್ಲಿ ಬಂತು. 130ರ ಕೆಳಗಿದ್ದರೆ ಚೆನ್ನ. ಒಟ್ಟು 210, ಎಚ್‌ಡಿಎಲ್ 62 ಇರುವವರ ವರದಿಯಲ್ಲಿ ಕೆಂಪು ಗುರುತು ಬಿದ್ದಿರುತ್ತದೆ, ಆದರೆ ಅವರ ನಾನ್-ಎಚ್‌ಡಿಎಲ್ 148, ನಿಮಗಿಂತ ವಾಸಿ. ಹಾಗಂತ ಎಚ್‌ಡಿಎಲ್ ಏರಿಸುವ ಗುಳಿಗೆ ಹುಡುಕಬೇಡಿ. ಅಂಥವನ್ನು ಪ್ರಯೋಗಿಸಿ ನೋಡಿಯಾಗಿದೆ. ಅಂಕಿ ಏರಿತು, ಹೃದಯಾಘಾತ ಇಳಿಯಲಿಲ್ಲ.

ನಿಮ್ಮ ಎಲ್‌ಡಿಎಲ್ 128 ಕೂಡ ಅಳೆದದ್ದಲ್ಲ, ಲೆಕ್ಕ ಹಾಕಿದ್ದು ಎಂದು ಕಾಣುತ್ತದೆ. ಒಟ್ಟಿನಲ್ಲಿ ಎಚ್‌ಡಿಎಲ್ ಕಳೆದು, ರಕ್ತದಲ್ಲಿನ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯುತ್ತಾರೆ: 198, 34, 36. ಸರಿಯಾಗಿ 128 ಬರುತ್ತದೆ. ಹಿಂದಿನ ರಾತ್ರಿ ಮದ್ಯ ಸೇವಿಸಿದ್ದರೆ ಟ್ರೈಗ್ಲಿಸರೈಡ್ ಏರಿ, ಈ ಸೂತ್ರ ಎಲ್‌ಡಿಎಲ್ಲನ್ನು ಕಡಿಮೆ ತೋರಿಸುತ್ತದೆ. ಟ್ರೈಗ್ಲಿಸರೈಡ್ 400 ದಾಟಿದರೆ ಸೂತ್ರವೇ ಕೆಲಸಕ್ಕೆ ಬಾರದು.

ಇನ್ನು ಟ್ರೆಡ್‌ಮಿಲ್. ಅನೇಕರು ಮೋಸಹೋಗುವುದು ಇಲ್ಲೇ. ಓಡುವಾಗ ರಕ್ತದ ಹರಿವು ಸಾಲದಾಗುವಷ್ಟು ನಾಳ ಕಿರಿದಾಗಿದ್ದರೆ ಮಾತ್ರ ಅದು ಹಿಡಿಯುತ್ತದೆ. ಆದರೆ ಎಷ್ಟೋ ಹೃದಯಾಘಾತಗಳು ಅರ್ಧದಷ್ಟೂ ಮುಚ್ಚಿರದ ಜಾಗದಲ್ಲಿ ಆಗುತ್ತವೆ. ಗೋಡೆಯಲ್ಲಿ ಕೊಬ್ಬಿನ ಮುದ್ದೆ, ಅದರ ಮೇಲೊಂದು ತೆಳು ಪೊರೆ. ಪೊರೆ ಬಿರಿದರೆ ಒಳಗಿನದು ರಕ್ತಕ್ಕೆ ತಾಗಿ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಬಿಪಿ ಆ ಪೊರೆಯನ್ನು ಜಗ್ಗುತ್ತಿರುತ್ತದೆ, ಸಿಗರೇಟು ರಕ್ತವನ್ನು ಹೆಪ್ಪುಗಟ್ಟಲು ಸಿದ್ಧವಾಗಿಡುತ್ತದೆ. ವೈದ್ಯರು ಸ್ಟಾಟಿನ್ ಬರೆದದ್ದು 128ನ್ನು ಮಾತ್ರ ನೋಡಿಯಲ್ಲ. ವಯಸ್ಸು, ಧೂಮಪಾನ, ಬಿಪಿ, ಎಚ್‌ಡಿಎಲ್ ಎಲ್ಲವನ್ನೂ ಸೇರಿಸಿ ನೋಡಿ.

‘ಐದಾರೇ’ ಎಂದು ಬರೆದಿದ್ದೀರಿ. ಆ ‘ಏ’ ಕಾರ ತೆಗೆದುಬಿಡಿ. ದಿನಕ್ಕೆ ಒಂದೇ ಸೇದುವವರಿಗೂ 20 ಸೇದುವವರ ಹೆಚ್ಚುವರಿ ಹೃದ್ರೋಗ ಅಪಾಯದ ಸುಮಾರು ಅರ್ಧ ಅಂಟಿಕೊಳ್ಳುತ್ತದೆ. ಕಡಿಮೆ ಮಾಡುವುದು ಬೇರೆ, ಬಿಡುವುದು ಬೇರೆ.

ಬಿಪಿಯನ್ನು ಒಂದೇ ಅಳತೆಯಿಂದ ನಿರ್ಧರಿಸಬೇಡಿ. ಸಿಗರೇಟು, ಕಾಫಿ ಆಗಿ ಅರ್ಧ ಗಂಟೆಯಾಗಿರಲಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂತು, ತೋಳು ಎದೆಯ ಮಟ್ಟದಲ್ಲಿಟ್ಟು ಅಳೆಯಿರಿ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು, ಏಳು ದಿನ. ಮೊದಲ ದಿನದ್ದನ್ನು ಕೈಬಿಟ್ಟು ಸರಾಸರಿ ತೆಗೆಯಿರಿ. 135/85 ಮುಟ್ಟಿದರೆ ಅದು ‘ಡಾಕ್ಟರನ್ನು ನೋಡಿ ಏರಿದ ಬಿಪಿ’ ಅಲ್ಲ.

ಗುಳಿಗೆಯ ಮಾತು. ಎಲ್‌ಡಿಎಲ್ 39 ಮಿ.ಗ್ರಾಂ. ಇಳಿದರೆ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಸುಮಾರು ಐದನೇ ಒಂದು ಭಾಗ ತಗ್ಗುತ್ತದೆ. ಅಟೊರ್ವಾಸ್ಟಾಟಿನ್ ಎಂಬ ಸ್ಟಾಟಿನ್ 10 ಮಿ.ಗ್ರಾಂ. ನಿಮ್ಮ 128ನ್ನು 80ರ ಆಸುಪಾಸಿಗೆ ತರಬಲ್ಲದು. ಡೋಸ್ ಇಮ್ಮಡಿಸಿದರೆ ಸಿಗುವುದು ಶೇ 6ರಷ್ಟು ಹೆಚ್ಚಿನ ಇಳಿಕೆ ಮಾತ್ರ. ಶುರು ಮಾಡುವ ಮುನ್ನ ಲಿವರ್, ಶುಗರ್, ಥೈರಾಯ್ಡ್ ನೋಡಿಸಿ; ಥೈರಾಯ್ಡ್ ಮಂದವಾಗಿದ್ದರೆ ಅದೇ ಎಲ್‌ಡಿಎಲ್ ಏರಿಸಿರಬಹುದು. 4ರಿಂದ 12 ವಾರದೊಳಗೆ ಮತ್ತೆ ರಕ್ತ ಕೊಡಿ. ತೊಡೆ, ಭುಜ ನೋವು ಬಂದರೆ ನೀವಾಗಿಯೇ ನಿಲ್ಲಿಸದೆ ವೈದ್ಯರಿಗೆ ಹೇಳಿ: ಎಷ್ಟೋ ಸಲ ಅದು ಗುಳಿಗೆಯ ನೋವಲ್ಲ, ಗುಳಿಗೆಯ ಭಯದ್ದು. ತೀವ್ರ ನೋವಿನ ಜೊತೆ ಮೂತ್ರ ಕಡುಕಂದಾದರೆ ಮಾತ್ರ ಕಾಯಬೇಡಿ, ಅಂದೇ ತೋರಿಸಿ. ಕ್ಲಾರಿಥ್ರೋಮೈಸಿನ್‌ನಂಥ ಆ್ಯಂಟಿಬಯಾಟಿಕ್ ಬರೆಯುವವರಿಗೆ ಸ್ಟಾಟಿನ್ ಇದೆಯೆಂದು ತಿಳಿಸಿ. ಎರಡೂ ಕೂಡಿದರೆ ಸ್ನಾಯುವಿಗೆ ಪೆಟ್ಟು.

‘ಬಿಡುವ ಹಾಗಿಲ್ಲ’ ಎನ್ನುವುದು ಅರ್ಧ ನಿಜ. ಇದು ಚಟ ಹಿಡಿಸುವ ಗುಳಿಗೆಯಲ್ಲ. ಬಿಟ್ಟರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೆಯ ಮಟ್ಟಕ್ಕೆ ಮರಳುತ್ತದೆ, ರಕ್ಷಣೆಯೂ ಹೋಗುತ್ತದೆ, ಅಷ್ಟೆ.

ನಡಿಗೆ, ತೂಕ ಇಳಿಕೆಯಿಂದ ಟ್ರೈಗ್ಲಿಸರೈಡ್ ಚೆನ್ನಾಗಿ ಇಳಿಯುತ್ತದೆ. ಎಲ್‌ಡಿಎಲ್ ಇಳಿಯುವುದು ಅತ್ಯಲ್ಪ. ಅದಕ್ಕೆ ಊಟದ ಗಟ್ಟಿ ಕೊಬ್ಬನ್ನೇ ಕಡಿಮೆ ಮಾಡಬೇಕು.

ಮುಂದಿನ ಸಲ ರಕ್ತ ಕೊಡುವಾಗ ಲಿಪೊಪ್ರೋಟೀನ್ (ಎ) ಎಂಬ, ಎಲ್‌ಡಿಎಲ್‌ನಂಥದೇ ಇನ್ನೊಂದು ಕಣದ ಪರೀಕ್ಷೆಯನ್ನೂ ಕೇಳಿ. ಅದು ಬಹುಪಾಲು ಹುಟ್ಟಿನಿಂದ ಬಂದದ್ದು, ಪಥ್ಯಕ್ಕೆ ಬಗ್ಗುವುದಿಲ್ಲ, ಬದುಕಿನಲ್ಲಿ ಒಮ್ಮೆ ನೋಡಿಸಿದರೆ ಸಾಕು. 50 ಮಿ.ಗ್ರಾಂ. ದಾಟಿದ್ದರೆ, ಅಥವಾ ತಂದೆಗೋ ಅಣ್ಣ-ತಮ್ಮಂದಿರಿಗೋ 55ರೊಳಗೆ ಹೃದಯಾಘಾತವಾಗಿದ್ದರೆ, ಗುಳಿಗೆ ಬೇಕೇ ಎಂಬ ಪ್ರಶ್ನೆ ಹೋಗಿ ಎಷ್ಟು ಡೋಸ್ ಎಂಬುದಷ್ಟೇ ಉಳಿಯುತ್ತದೆ.