ಗೂಢಚಾರ ಗುರು, ಎಳೆ ಶಿಷ್ಯ: ಫ್ಯಾಂಟಸಿ ಕಾದಂಬರೀಲಿ ಈ ಜೋಡಿನ ನಂಬೋ ಹಾಗೆ ಬರೆಯೋದು ಹೇಗೆ?

ನಿಮ್ಮ ಕಾದಂಬರೀಲಿ ಅರಮನೆ ಬೇಹುಗಾರ ಒಬ್ಬ, ಅವನ ಹತ್ರ ಕಲಿಯೋಕೆ ಹನ್ನೆರಡು ವರ್ಷದ ಹುಡುಗ, ಆದ್ರೆ ಓದಿದವರೆಲ್ಲ ಗುರು ಬರೀ ಪಾಠ ಒಪ್ಪಿಸೋ ಮೇಷ್ಟ್ರ ಥರ ಇದಾನೆ, ಟ್ರೈನಿಂಗ್ ಭಾಗ ಬೋರು ಅಂತಿದಾರೆ ಅಂತ ಬರ್ದಿದೀರಿ. ನಾನೂ ಇಂಥದ್ದೇ ಒಂದು ಕಥೆ ಹಿಡ್ಕೊಂಡು ಮೂರು ಸಲ ಮೊದಲಿಂದ ತಿದ್ದಿ ಬರ್ದಿದೀನಿ, ಅದರಲ್ಲಿ ನನಗೆ ಹೊಳೆದಿದ್ದು ಹೇಳ್ತೀನಿ.

ಗುರು ಈ ಹುಡುಗನ್ನೇ ಯಾಕೆ ಆರಿಸ್ಕೊಂಡ? ಇದಕ್ಕೆ ನಿಮ್ಮ ಹತ್ರ ಗಟ್ಟಿ ಉತ್ತರ ಇರ್ಬೇಕು. ಹುಟ್ಟಿದಾಗ ಯಾರೋ ಭವಿಷ್ಯ ಹೇಳಿದ್ರು, ರಕ್ತದಲ್ಲೇ ಮಾಯಾಶಕ್ತಿ ಇತ್ತು, ಇವೆಲ್ಲ ಸವೆದುಹೋಗಿವೆ. ಕೌಟಿಲ್ಯನ ಅರ್ಥಶಾಸ್ತ್ರದ ಮೊದಲನೇ ಅಧಿಕರಣ ಓದಿ, ಅಲ್ಲಿ ಗೂಢಪುರುಷರಲ್ಲಿ 'ಸತ್ರಿ' ಅಂತ ಒಂದು ಬಗೆ ಬರುತ್ತೆ, ಹಿಂದೆ ಮುಂದೆ ಯಾರೂ ಇಲ್ಲದ, ರಾಜನೇ ಸಾಕ್ಬೇಕಾದವರು. ಅವರಿಗೆ ಅಂಗಲಕ್ಷಣ, ಶಕುನ, ಇಂದ್ರಜಾಲ, ಆಶ್ರಮಧರ್ಮ, ಜನರ ಜೊತೆ ಬೆರೆಯೋ ವಿದ್ಯೆ ಎಲ್ಲಾ ಕಲಿಸಿ ಬೇಹಿಗೆ ಬಿಡೋದು. ಮೊದಲ ಸಲ ಓದಿದಾಗ ನಂಗೆ ಹೊಟ್ಟೇಲಿ ಸಂಕಟ ಆಯ್ತು. ಇದನ್ನ ನಿಮ್ಮ ಕಥೆಗೆ ತಂದು ನೋಡಿ, ತಾನು ಜಾಣ ಅಂತ ಗುರು ಆರಿಸ್ದ ಅಂದ್ಕೊಂಡಿರೋ ಹುಡುಗನಿಗೆ ಒಂದಿನ, ನಾನು ಕಾಣೆಯಾದ್ರೆ ಹುಡ್ಕೊಂಡು ಬರೋರು ಯಾರೂ ಇಲ್ಲ, ಅದಕ್ಕೇ ನಾನು ಬೇಕಾಯ್ತು ಅಂತ ಗೊತ್ತಾಗುತ್ತೆ. ಅಲ್ಲಿಂದ ಆಚೆಗೆ ಗುರು ಹಾಕೋ ಒಂದೊಂದು ತುತ್ತೂ ಅವನಿಗೆ ಬೇರೆ ಥರ ಕಾಣುತ್ತೆ.

ಅದೇ ಅಧಿಕರಣದಲ್ಲಿ ಇನ್ನೊಂದು ಮಾತಿದೆ, ಬೇಹುಗಾರರಿಗೆ ಒಬ್ಬರ ಗುರುತು ಒಬ್ಬರಿಗೆ ಇರಬಾರದು, ಮೂವರು ತಂದ ಸುದ್ದಿ ಒಂದೇ ಆಗಿದ್ರೆ ನಂಬ್ಬೇಕು, ಪದೇ ಪದೇ ತಾಳೆ ಆಗ್ದಿದ್ರೆ ಗುಟ್ಟಾಗಿ ದಂಡನೆ, ಇಲ್ಲಾ ಕೆಲಸದಿಂದ ತೆಗೆಯೋದು. ಅಂದ್ರೆ ನಿಮ್ಮ ಹುಡುಗ ಜೀವ ಕೈಲಿ ಹಿಡ್ಕೊಂಡು ಸುದ್ದಿ ತರೋ ಹೊತ್ತಿಗೆ ಗುರು ಹತ್ರ ಅದೇ ಸುದ್ದಿ ಎರಡು ಕಡೆಯಿಂದ ಬಂದಿರ್ಬಹುದು. ಗುರು ನನ್ನ ನಂಬಲ್ಲ ಅನ್ನೋದು ಹುಡುಗನಿಗೆ ಯಾರೂ ಹೇಳದೇನೇ ತಿಳೀಬೇಕು.

ಟ್ರೈನಿಂಗ್ ಬೋರು ಅನ್ಸೋದು ಗುರು ಸೂತ್ರಗಳನ್ನ ಹೇಳ್ತಾ ಕೂತಿರೋದಕ್ಕೆ. ಕೆಲಸ ತೋರ್ಸಿ. ವಿಶಾಖದತ್ತನ ಮುದ್ರಾರಾಕ್ಷಸ ನಾಟಕದ ಮೊದಲ ಅಂಕದಲ್ಲಿ ಚಾಣಕ್ಯನ ಚಾರ ಯಮನ ಚಿತ್ರಪಟ ಹಿಡ್ಕೊಂಡು ಹಾಡ್ತಾ ಒಂದು ಮನೆ ಹೊಕ್ಕಿರ್ತಾನೆ, ಐದು ವರ್ಷದ ಮಗು ನೋಡೋ ಆಸೆಗೆ ಆಚೆ ಓಡಿ ಬರುತ್ತೆ, ಒಳಗೆ ಹೆಂಗಸರ ಗಾಬರಿ ಗುಜುಗುಜು, ಒಬ್ಬಾಕೆ ಬಾಗಿಲ ಸಂದಿಂದ ಕೈ ಚಾಚಿ ಮಗೂನ ಎಳ್ಕೊಳ್ಳೋವಾಗ ಬೆರಳಿಂದ ಉಂಗುರ ಜಾರಿ, ಹೊಸ್ತಿಲು ದಾಟಿ, ಉರುಳ್ಕೊಂಡು ಬಂದು ಇವನ ಕಾಲ ಹತ್ರ ನಿಲ್ಲುತ್ತೆ. ಗಂಡಸಿನ ಬೆರಳಿಗೆ ಮಾಡಿದ ಉಂಗುರ, ಆಕೆಗೆ ಸಡಿಲ. ಅದರ ಮೇಲೆ ರಾಕ್ಷಸನ ಹೆಸರು, ಅಂದ್ರೆ ಚಾಣಕ್ಯನ ಎದುರಾಳಿ, ನಂದರ ಮಂತ್ರಿ! ಇಡೀ ನಾಟಕ ಆ ಉಂಗುರದ ಮೇಲೆ ನಡೆಯುತ್ತೆ. ಕತ್ತಿ ಇಲ್ಲ, ಗೋಡೆ ಹತ್ತೋದಿಲ್ಲ, ಒಬ್ಬ ತಾಯಿಯ ಗಾಬರಿ ಅಷ್ಟೇ. ನಿಮ್ಮ ಶಿಷ್ಯನ ಮೊದಲ ಗೆಲುವು ಇಂಥದ್ದಾಗ್ಲಿ, ಗೆದ್ದಮೇಲೆ ಆ ಮನೆ ಏನಾಗುತ್ತೆ ಅಂತ ಅವನು ರಾತ್ರಿ ಯೋಚಿಸ್ಲಿ.

ಮಾಯಾವಿದ್ಯೆ ಬಗ್ಗೆ ಒಂದೇ ಮಾತು, ಅದೃಶ್ಯ ಆಗೋಕೆ ಬಂದ್ರೆ ಬೇಹುಗಾರಿಕೆನೇ ಬೇಡ, ಆದಷ್ಟು ಕಮ್ಮಿ ಕೊಡಿ.

ಇನ್ನು ಗುರು ಪ್ರೀತಿ. ನನ್ನ ಮೊದಲ ಡ್ರಾಫ್ಟಲ್ಲಿ ಗುರು ಶಿಷ್ಯನ್ನ ತಬ್ಕೊಂಡು ಅಳ್ತಿದ್ದ, ಓದಿದ ಗೆಳತಿ ಇವನು ಇನ್ನೊಂದು ನಾಟಕ ಆಡ್ತಿದಾನೆ ಅಂದ್ಕೊಂಡೆ ಅಂದ್ಳು. ಅವಳು ಹೇಳಿದ್ದು ಸರಿ, ಜೀವನಪೂರ್ತಿ ನಟಿಸಿದವನ ಕಣ್ಣೀರನ್ನ ಓದುಗರು ನಂಬಲ್ಲ. ಮೂರನೇ ಸಲ ಬರೆಯೋವಾಗ ಅದನ್ನ ಕಿತ್ತೆ. ಈಗ ಹುಡುಗ ನಾಲ್ಕು ತಿಂಗಳು ಒಬ್ಬ ಮುದುಕಿ ಮನೇಲಿದ್ದು ವಾಪಸ್ ಬರ್ತಾನೆ, ಎಲ್ಲಾ ಒಪ್ಪಿಸ್ತಾನೆ, ಆಕೆ ಮಗನ ಓಲೆ ವಿಷಯ ಒಂದು ಬಿಟ್ಟು. ಮಿಕ್ಕ ಇಬ್ಬರಿಂದ ಓಲೆ ಸುದ್ದಿ ಆಗ್ಲೇ ಗುರು ಕಿವಿಗೆ ಬಿದ್ದಿದೆ. ಗುರು ದೀಪದ ಬತ್ತಿ ಸ್ವಲ್ಪ ಇಳಿಸ್ತಾನೆ, ಹುಡುಗನ ಮುಖ ತನಗೆ ಕಾಣ್ದೇ ಇರ್ಲಿ ಅಂತ, ಆಮೇಲೆ 'ಅಷ್ಟೇನಾ?' ಅಂತಾನೆ. ಹುಡುಗ 'ಅಷ್ಟೇ' ಅಂತಾನೆ. ಗುರು ಅಷ್ಟನ್ನೇ ಬರ್ಕೊಳ್ತಾನೆ.