ದೇವರಾಯನದುರ್ಗದ ಕಾಡಿಗೆ ಬೆಂಕಿ ಬಿದ್ದರೆ ಹೊಗೆ ಎತ್ತ ಹೋಯಿತೆಂದು ಉಪಗ್ರಹ ಚಿತ್ರದಲ್ಲಿ ಗೊತ್ತಾಗುತ್ತಾ?

ಗೊತ್ತಾಗುತ್ತದೆ, ಆದರೆ ಬೆಂಕಿ ದೊಡ್ಡದಿರಬೇಕು. ಉಪಗ್ರಹ ಚಿತ್ರ ತೋರಿಸುವ ನಾಸಾದ ‘ವರ್ಲ್ಡ್‌ವ್ಯೂ’ ಜಾಲತಾಣ ತೆರೆದು ತುಮಕೂರಿನ ಮೇಲೆ ಜೂಮ್ ಮಾಡಿ. ದುಡ್ಡೇನೂ ಕೊಡಬೇಕಿಲ್ಲ. ಬೆಂಕಿಯ ಪದರ ಹಾಕಿದರೆ ಬಿಸಿ ಜಾಗಗಳು ಕೆಂಪು ಚುಕ್ಕೆಗಳಾಗಿ ಕಾಣುತ್ತವೆ. ಚುಕ್ಕೆಯಿಂದ ಹೊರಟ ಬೂದು ಬಾಲವೇ ಹೊಗೆ. ಮೋಡ ಅಚ್ಚ ಬಿಳಿ, ಕೆಳಗೆ ಅದರ ನೆರಳೂ ಬಿದ್ದಿರುತ್ತದೆ. ಹೊಗೆ ತೆಳ್ಳಗಿರುತ್ತದೆ, ಅದರಡಿಯ ಕೆರೆ, ತೋಟ ಮಸುಕಾಗಿ ಕಾಣುತ್ತವೆ. ಬಾಲ ಚಾಚಿದ ಕಡೆಗೇ ಗಾಳಿ ಬೀಸುತ್ತಿದೆ ಅಂತ ಲೆಕ್ಕ.

ತೊಡಕು ಸಮಯದ್ದು. 375 ಮೀಟರ್ ವಿವರದಲ್ಲಿ ಬೆಂಕಿ ಪತ್ತೆಹಚ್ಚುವ, ಉಪಗ್ರಹಗಳಲ್ಲಿರುವ ‘ವೀರ್ಸ್’ ಕ್ಯಾಮೆರಾ ಹಗಲಲ್ಲಿ ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ ಆಸುಪಾಸು. ಸಂಜೆ ಹೊತ್ತಿದ ಬೆಂಕಿಯ ಹೊಗೆ ಅದಕ್ಕೆ ಸಿಗುವುದಿಲ್ಲ, ಅಲ್ವಾ? ಭಾರತದ ಹವಾಮಾನ ಉಪಗ್ರಹ ಇನ್ಸಾಟ್-3ಡಿಆರ್ ಅರ್ಧ ಗಂಟೆಗೊಮ್ಮೆ ಚಿತ್ರ ಕೊಡುತ್ತದೆ, ಆದರೆ ಆ ಚಿತ್ರ ಒರಟು, ವಿವರ ಕಡಿಮೆ. ಸಣ್ಣ ಹೊಗೆ ಅದರಲ್ಲಿ ಕಳೆದೇ ಹೋಗುತ್ತದೆ.