ಸಣ್ಣ ಆಫೀಸಿಗೆ ಎರಡು ಲೈನಿನ ಫೋನೋ, ಇಂಟರ್‌ಕಾಮೋ?

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮದೊಂದು ಆಡಿಟ್ ಆಫೀಸಿದೆ. ನಾನೂ ಸೇರಿ ಆರು ಜನ. ಎರಡು ಲ್ಯಾಂಡ್‌ಲೈನ್ ನಂಬರ್ ಇವೆ, ಈಚೆಗೆ ಎರಡೂ ಫೈಬರ್‌ಗೆ ಬದಲಾದವು. ಮುಂದಿನ ಟೇಬಲ್ಲಿನಲ್ಲಿ ಕೂರುವ ಹುಡುಗಿ ಎರಡು ಫೋನ್ ಇಟ್ಟುಕೊಂಡು ಒದ್ದಾಡುತ್ತಾಳೆ. ನನಗೆ ಕಾಲ್ ಬಂದರೆ ಎದ್ದು ಬಂದು ಕರೆಯಬೇಕು. ಅಂಗಡಿಯವರು ನಾಲ್ಕು ಲೈನಿನ ಐಪಿ ಫೋನ್ ತಗೊಳ್ಳಿ ಅನ್ನುತ್ತಾರೆ. ಅದೇ ಬೇಕಾ?

ಉತ್ತರ: ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ ಸರ್. ಗೋಡೆಗೆ ಹಾಕಿರುವ ಫೈಬರ್ ಮೋಡೆಮ್‌ನ ಹಿಂಭಾಗ ನೋಡಿ. ಇಂಟರ್‌ನೆಟ್ ಕೇಬಲ್ಲಿನ ತೂತುಗಳ ಪಕ್ಕ ಇನ್ನೂ ಚಿಕ್ಕದಾದ ಒಂದೋ ಎರಡೋ ತೂತು ಇರುತ್ತವೆ. ನಿಮ್ಮ ಈಗಿನ ಫೋನಿನ ವೈರ್ ಹೋಗಿರುವುದು ಅಲ್ಲಿಗೇ. ರಸ್ತೆಯಿಂದ ಫೈಬರ್ ಬಂದಿದ್ದರೂ ಆ ತೂತಿನಲ್ಲಿ ಸಿಗುವುದು ಹಳೇ ತಾಮ್ರದ ಲೈನಿನಂಥದ್ದೇ ಸಿಗ್ನಲ್. ಐಪಿ ಫೋನ್ ಅಂದರೆ ಇಂಟರ್‌ನೆಟ್ ಕೇಬಲ್ಲಿನಲ್ಲಿ ಮಾತು ಸಾಗಿಸುವ ಫೋನ್. ಅದಕ್ಕೆ ಈ ಸಿಗ್ನಲ್ ಆಗಿಬರಲ್ಲ, ಲ್ಯಾನ್ ಕೇಬಲ್ ಬೇಕು.

ನಾಲ್ಕು ಲೈನಿನ ಐಪಿ ಫೋನ್ ತಂದರೆ ನಿಮಗೆ ನಾಲ್ಕು ನಂಬರ್ ಸಿಗುವುದಿಲ್ಲ. ನಾಲ್ಕು ಸಿಪ್ ಅಕೌಂಟ್, ಅಂದರೆ ಇಂಟರ್‌ನೆಟ್ ಮೇಲೆ ನಡೆಯುವ ಫೋನ್ ಖಾತೆ, ಹಾಕಿಕೊಳ್ಳಲು ಅದರಲ್ಲಿ ಜಾಗವಿದೆ ಅಂತ ಅಷ್ಟೇ ಅರ್ಥ. ಆ ಅಕೌಂಟನ್ನು ಫೋನ್ ಕಂಪನಿ ಕೊಡಬೇಕು. ಇಲ್ಲವೇ ಹಳೇ ಥರದ ಸಿಗ್ನಲ್ಲನ್ನು ಐಪಿಗೆ ಬದಲಿಸುವ ಗೇಟ್‌ವೇ ಅನ್ನುವ ಇನ್ನೊಂದು ಡಬ್ಬಿಯನ್ನು ಮಧ್ಯದಲ್ಲಿ ಕೂರಿಸಬೇಕು. ಅಂಗಡಿಯವರು ಇದನ್ನು ಹೇಳಿದರಾ?

ಎರಡು ಲೈನಿನ ಸಾದಾ ಫೋನ್ ಅಂತಲೂ ಒಂದಿದೆ. ಲೈನ್ 1, ಲೈನ್ 2 ಬಟನ್, ಹೋಲ್ಡ್, ಎರಡೂ ಕಡೆಯವರನ್ನು ಸೇರಿಸಿ ಮಾತಾಡುವ ಕಾನ್ಫರೆನ್ಸ್. ಇಬ್ಬರೇ ಇರುವ ಆಫೀಸಿಗೆ ಅದು ಧಾರಾಳವಾಯಿತು. ಒಂದು ಎಚ್ಚರಿಕೆ: ಇಂಥ ಬಹಳಷ್ಟು ಫೋನ್‌ಗಳಲ್ಲಿ ಎರಡೂ ಲೈನ್ ಒಂದೇ ಬಳ್ಳಿಯಲ್ಲಿ ಬರುತ್ತವೆ. ನಡುವಿನ ಎರಡು ತಂತಿ ಮೊದಲ ಲೈನಿಗೆ, ಅಂಚಿನ ಎರಡು ಎರಡನೆಯದಕ್ಕೆ. ಬಳ್ಳಿ ಹಾಳಾದಾಗ ಅಂಗಡಿಯಲ್ಲಿ ಸಿಗುವ ಎರಡೇ ತಂತಿಯ ಬಳ್ಳಿ ಹಾಕಿದರೆ ಎರಡನೇ ಲೈನ್ ಸತ್ತಿರುತ್ತೆ. ಜನ ಸುಮ್ನೆ ಫೋನನ್ನೇ ಬೈಯುತ್ತಾರೆ.

ನೀವು ಆರು ಜನ. ನಿಮ್ಮ ತಾಪತ್ರಯ ಇರುವುದು ಕಾಲನ್ನು ಒಳಗೆ ದಾಟಿಸುವುದರಲ್ಲಿ. ಹಾಗಾಗಿ ಸಣ್ಣ ಇಪಿಎಬಿಎಕ್ಸ್ ಹಾಕಿಸಿ, ಅದೇ ಎಲ್ಲರೂ ಇಂಟರ್‌ಕಾಮ್ ಅನ್ನುವುದು. ಹೊರಗಿನ ಮೂರು ಲೈನ್, ಒಳಗೆ ಎಂಟು ಎಕ್ಸ್‌ಟೆನ್ಶನ್ (ಒಳಗಿನ ಫೋನ್) ಇರುವ ಡಬ್ಬಿ ಸಾಕು. ಬಟನ್, ದೀಪ, ಡಿಸ್‌ಪ್ಲೇ ಇರುವ ಕೀ ಫೋನ್ ಮುಂದಿನ ಟೇಬಲ್ಲಿಗೆ ಒಂದೇ ಬೇಕು. ಅದು ಮಾತ್ರ ಡಬ್ಬಿಯ ಕಂಪನಿಯದೇ ಆಗಿರಬೇಕು, ಬೇರೆಯದು ಹೊಂದಲ್ಲ. ಉಳಿದವರಿಗೆ ಸಾದಾ ಫೋನ್ ನಡೆಯುತ್ತೆ, ಫ್ಲ್ಯಾಶ್ ಬಟನ್ ಇದ್ದರೆ ಆಯಿತು. ಫ್ಲ್ಯಾಶ್ ಒತ್ತಿ, ಎಕ್ಸ್‌ಟೆನ್ಶನ್ ನಂಬರ್ ಒತ್ತಿ, ರಿಸೀವರ್ ಇಟ್ಟರೆ ಕಾಲ್ ದಾಟಿತು. ಬ್ರ್ಯಾಂಡ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕೆಟ್ಟರೆ ಶಿವಮೊಗ್ಗದಲ್ಲೇ ಬಂದು ನೋಡುವವರು ಇದ್ದಾರಾ ಅಂತ ವಿಚಾರಿಸಿ.

ಹಳೇ ಡಬ್ಬಿ ಕಡಿಮೆ ಬೆಲೆಗೆ ಸಿಕ್ಕರೆ ಸೊನ್ನೆಯ ವಿಷಯ ನೋಡಿಕೊಳ್ಳಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ 0 ಹಾಕಲೇಬೇಕು. ಹೊರಗಿನ ಲೈನ್ ಹಿಡಿಯಲು ಡಬ್ಬಿಯೂ 0 ಕೇಳುವಂಥದ್ದಾದರೆ ಎರಡು ಸಲ ಸೊನ್ನೆ ಒತ್ತಬೇಕು. ಎಸ್‌ಟಿಡಿ ಬಿಲ್ ಏರದಿರಲಿ ಅಂತ ಹಿಂದೆ 0 ಲಾಕ್ ಮಾಡಿಸಿಟ್ಟಿದ್ದ ಡಬ್ಬಿಯಲ್ಲಿ ಈಗ ಯಾವ ಮೊಬೈಲಿಗೂ ಕಾಲ್ ಹೋಗಲ್ಲ. ಹಾಕುವವರ ಕೈಲಿ ಅದನ್ನು ತೆಗೆಸಿ.

ಕರೆಂಟ್ ಮರೆಯಬೇಡಿ. ತಾಮ್ರದ ಕಾಲದಲ್ಲಿ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಕರೆಂಟ್ ಹೋದರೂ ಫೋನ್ ರಿಂಗಾಗುತ್ತಿತ್ತು. ಫೈಬರ್‌ನಲ್ಲಿ ಆ ಭಾಗ್ಯ ಇಲ್ಲ. ಯುಪಿಎಸ್‌ಗೆ ಇಪಿಎಬಿಎಕ್ಸ್ ಮಾತ್ರ ಕೊಟ್ಟು ಮೋಡೆಮ್ ಬಿಟ್ಟರೆ ಒಳಗೊಳಗೇ ಮಾತಾಡಿಕೊಂಡು ಕೂರಬೇಕಾಗುತ್ತೆ. ನಿಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತೇ ಇದೆ, ಅರ್ಥಿಂಗ್ ಸರಿಯಾಗಿ ಮಾಡಿಸಿ.

ಜೊತೆಗೆ ಫೋನ್ ಕಂಪನಿಯವರನ್ನು ಹಂಟಿಂಗ್ ಕೊಡುತ್ತೀರಾ ಅಂತ ಕೇಳಿ. ಮೊದಲ ನಂಬರ್ ಬ್ಯುಸಿ ಇದ್ದರೆ ಕಾಲ್ ತಾನಾಗಿ ಎರಡನೆಯದಕ್ಕೆ ಬರುತ್ತೆ. ವಿಸಿಟಿಂಗ್ ಕಾರ್ಡಿನಲ್ಲಿ ಒಂದೇ ನಂಬರ್ ಹಾಕಿದರೆ ಸಾಕು.

ಐಪಿ ಫೋನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಾಳೆ ಭದ್ರಾವತಿಯಲ್ಲಿ ಇನ್ನೊಂದು ಆಫೀಸ್ ತೆರೆದು, ಎರಡೂ ಕಡೆ ಒಂದೇ ಇಂಟರ್‌ಕಾಮ್ ಬೇಕು ಅಂದರೆ ಅದೇ ಸರಿ. ಒಂದು ಕಾಲಿಗೆ ಹೋಗುವ ಬರುವ ಎರಡೂ ಕಡೆ ಸುಮಾರು 100 ಕೆಬಿಪಿಎಸ್ ಇಂಟರ್‌ನೆಟ್ ವೇಗ ಇದ್ದರೆ ಆಗುತ್ತೆ. ಆದರೆ ರಿಟರ್ನ್ ಸಲ್ಲಿಸುವ ಕೊನೇ ದಿನ ಆರೂ ಜನ ಒಟ್ಟಿಗೆ ಅಪ್‌ಲೋಡ್ ಮಾಡುವಾಗ ಮಾತು ತುಂಡಾಗದಿರಲು ರೂಟರ್‌ನಲ್ಲಿ ಧ್ವನಿಗೆ ಮೊದಲ ದಾರಿ ಬಿಡುವಂತೆ ಸೆಟ್ ಮಾಡಿಸಬೇಕು.

ಪ್ರಶ್ನೆ: ಅಮೆರಿಕದಿಂದ ಮಗ ಎರಡು ಲೈನಿನ ಕಾರ್ಡ್‌ಲೆಸ್ ಫೋನ್ ತಂದಿದ್ದಾನೆ. ಪುತ್ತೂರಿನ ನಮ್ಮ ಅಂಗಡಿಗೆ ಹಾಕಬಹುದೇ?

ಉತ್ತರ: ಬೇಡ. ಅಲ್ಲಿನ ಅಡಾಪ್ಟರ್ 120 ವೋಲ್ಟಿನದ್ದಾದರೆ ನಮ್ಮ 230ಕ್ಕೆ ಚುಚ್ಚಿದ ಕೂಡಲೇ ಸುಟ್ಟುಹೋಗುತ್ತೆ. ಅದನ್ನು ಬದಲಿಸಬಹುದು ಅನ್ನಿ. ಆದರೆ ಅಮೆರಿಕದ ಡೆಕ್ಟ್ (ಕಾರ್ಡ್‌ಲೆಸ್ ಫೋನಿನ ಒಂದು ರೇಡಿಯೋ ಪದ್ಧತಿ) ಕಾರ್ಡ್‌ಲೆಸ್ ಕೆಲಸ ಮಾಡುವುದು 1920ರಿಂದ 1930 ಮೆಗಾಹರ್ಟ್ಸ್‌ನಲ್ಲಿ. ನಮ್ಮಲ್ಲಿ ಅದು ಮೊಬೈಲ್ ಸೇವೆಗೆ ಇಟ್ಟಿರುವ ಜಾಗ. ಟವರ್‌ಗೆ ತೊಂದರೆ ಕೊಡುತ್ತೆ, ಬಳಸುವಂತಿಲ್ಲ. ಇಲ್ಲಿಯದೇ ಒಂದು ಕೊಳ್ಳಿ.